ರಸ್ತೆಯ ಹಣ ನಮ್ಮದು, ರಸ್ತೆಯ ಕಾವಲೂ ನಮ್ಮದು

(ಒಕ್ಕೂಟದ ಹಾಲು ಉತ್ಪಾದಕ ಸದಸ್ಯರ ಪ್ರಾದೇಶಿಕ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪೂರ್ಣ ಪಾಠ)



ಪ್ರತಿ ಸಭೆಯಲ್ಲೂ ನಾನು ತಮ್ಮ ಮುಂದೆ ನಿಂತು ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು, ಖನಿಜ ಮಿಶ್ರಣ ಎಂದು ಮಾತನಾಡುವವನು. ಈ ದಿನ ರಸ್ತೆಯ ವಿಚಾರ ಮಾತನಾಡಲು ಅಧ್ಯಕ್ಷರ ಅನುಮತಿ ಕೇಳಿದ್ದೇನೆ. ದನದ ಡಾಕ್ಟರಿಗೆ ರಸ್ತೆಯ ಉಸಾಬರಿ ಯಾಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಾಲು ಕೆಡುವುದೂ, ಹಸು ಸಾಯುವುದೂ, ಹಸು ಗಬ್ಬ ನಿಲ್ಲದೆ ಹೋಗುವುದೂ ಎಷ್ಟೋ ಸಲ ರಸ್ತೆಯ ಮೇಲೆಯೇ ತೀರ್ಮಾನವಾಗುತ್ತದೆ. ಆದ್ದರಿಂದ ಇದು ನನ್ನ ಕಸುಬಿಗೆ ಸೇರಿದ ವಿಷಯವೇ.

ಇನ್ನೂ ಒಂದು ಕಾರಣವಿದೆ. ಹಳ್ಳಿಗೆ ರಸ್ತೆಯಾದರೆ "ಸರ್ಕಾರ ಮಾಡಿಸಿಕೊಟ್ಟಿತು" ಎನ್ನುತ್ತೇವೆ. ಹಾಳಾದರೆ "ಸರ್ಕಾರ ನೋಡಲಿಲ್ಲ" ಎನ್ನುತ್ತೇವೆ. ಎರಡೂ ಮಾತಿನಲ್ಲಿ ನಾವು ದೂರದಲ್ಲಿ ನಿಂತು ನೋಡುವವರು. ಆದರೆ ಆ ರಸ್ತೆಗೆ ಹಣ ಎಲ್ಲಿಂದ ಬರುತ್ತದೆ, ಯಾವ ಕಾಯ್ದೆಯಂತೆ ಬರುತ್ತದೆ, ಬಂದ ಮೇಲೆ ಅದನ್ನು ಕೇಳುವ ಹಕ್ಕು ಯಾರಿಗಿದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಅದನ್ನು ತಿಳಿಸುವುದು ಈ ದಿನದ ನನ್ನ ಕೆಲಸ.

ಹಾಲಿಗೂ ಹಸುವಿಗೂ ಗಡಿಯಾರವಿದೆ

ಕೆಚ್ಚಲಿನಿಂದ ಹಾಲು ಹೊರಬರುವಾಗ ಅದರ ಬಿಸಿ ಹಸುವಿನ ಮೈಬಿಸಿಯಷ್ಟೇ ಇರುತ್ತದೆ. ಶುಚಿಯಾಗಿ ಕರೆದ ಹಾಲಿಗೆ ಮೊದಲ ಎರಡು ಮೂರು ಗಂಟೆ ಸೂಕ್ಷ್ಮಜೀವಿಗಳನ್ನು ತಡೆಯುವ ಸ್ವಲ್ಪ ಶಕ್ತಿ ತನ್ನಿಂದ ತಾನೇ ಇರುತ್ತದೆ. ಆ ಶಕ್ತಿ ಮುಗಿದ ಮೇಲೆ ಬೇಸಿಗೆಯ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಸುಮಾರು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತ ಹೋಗುತ್ತವೆ. ಒಂದು ಇದ್ದದ್ದು ಮೂರು ಗಂಟೆಯಲ್ಲಿ ಅರವತ್ತನಾಲ್ಕು ಆಗುತ್ತದೆ. ಶೀತಲೀಕರಣ ಘಟಕದಲ್ಲಿ ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಈ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಆದರೆ ಒಂದು ಮಾತನ್ನು ಗಮನಿಸಬೇಕು: ತಂಪು ಮಾಡಿದರೆ ಈಗಾಗಲೇ ಬೆಳೆದ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ದಾರಿಯಲ್ಲಿ ಕಳೆದ ಒಂದು ಗಂಟೆಯ ನಷ್ಟವನ್ನು ಯಾವ ಯಂತ್ರವೂ ತುಂಬಿಕೊಡಲಾರದು. ಮಳೆಗಾಲದಲ್ಲಿ ಹಳ್ಳ ತುಂಬಿ ಹಾಲಿನ ಗಾಡಿ ಆಚೆ ದಡದಲ್ಲೇ ನಿಂತ ದಿನ, ತಾವು ಎಷ್ಟೇ ಶುಚಿಯಾಗಿ ಕರೆದಿದ್ದರೂ ಕಾಯಿಸಿದಾಗ ಹಾಲು ಒಡೆಯುತ್ತದೆ. ನಲವತ್ತು ಲೀಟರಿನ ಕ್ಯಾನಿನಲ್ಲಿ ಒಬ್ಬರ ಹಾಲು ಹುಳಿಯಾದರೆ ಎಲ್ಲರದ್ದೂ ಹೋದಂತೆ.

ಹಸುವಿಗೂ ಗಡಿಯಾರವಿದೆ. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಸಂಜೆ, ಸಂಜೆ ಬೆದೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಗರ್ಭಧಾರಣೆ ಕಾರ್ಯಕರ್ತ ಆ ಹೊತ್ತಿಗೆ ತಲುಪದಿದ್ದರೆ ಬೆದೆ ತಪ್ಪಿತು, ಮುಂದಿನ ಬೆದೆಗೆ ಇನ್ನು ಮೂರು ವಾರ ಕಾಯಬೇಕು. ಆ ಮೂರು ವಾರದ ಮೇವು, ಹಿಂಡಿ ಎಲ್ಲವೂ ತಮ್ಮ ಖರ್ಚಿಗೆ. ಹೊಟ್ಟೆ ಉಬ್ಬರ ಬಂದ ಹಸುವಿಗೆ ಉಸಿರು ಕಟ್ಟಿ ಸಾವು ಬರಲು ಕೆಲವೇ ಗಂಟೆ ಸಾಕು. ಕರು ಹಾಕಿದ ಒಂದೆರಡು ದಿನದಲ್ಲಿ ಹಾಲು ಜ್ವರ ಬಂದು, ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದ ಹಸುವಿಗೆ ಸಕಾಲದಲ್ಲಿ ಕ್ಯಾಲ್ಸಿಯಂ ರಕ್ತನಾಳಕ್ಕೆ ಸೇರಿದರೆ ಎಷ್ಟೋ ಸಲ ನಮ್ಮ ಕಣ್ಣೆದುರಿಗೇ ಎದ್ದು ನಿಲ್ಲುತ್ತದೆ. ತಡವಾದರೆ ಏಳುವುದೇ ಇಲ್ಲ. ಲಸಿಕೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಸಾಗಿಸಬೇಕು. ದಾರಿ ಉದ್ದವಾದಷ್ಟೂ ಡಬ್ಬದ ಐಸು ಕರಗುತ್ತದೆ. ಔಷಧ ನನ್ನ ಚೀಲದಲ್ಲಿದೆ, ಹಸು ತಮ್ಮ ಕೊಟ್ಟಿಗೆಯಲ್ಲಿದೆ, ಇವೆರಡರ ನಡುವೆ ಇರುವುದು ರಸ್ತೆ.

ಸಾಗಾಣಿಕೆಯ ಲೆಕ್ಕವನ್ನೂ ನೋಡೋಣ. ಗುಂಡಿ ಬಿದ್ದ ದಾರಿಯಲ್ಲಿ ಗಾಡಿಗೆ ಡೀಸೆಲ್ ಹೆಚ್ಚು ಬೇಕು, ಟೈರು ಬೇಗ ಸವೆಯುತ್ತದೆ, ಸ್ಪ್ರಿಂಗ್ ಪಟ್ಟಿ ಮುರಿಯುತ್ತದೆ, ಸರದಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ. ಈ ಖರ್ಚನ್ನು ಒಕ್ಕೂಟ ಕೊಡುತ್ತದೆ ಎಂದು ತಾವು ನೆಮ್ಮದಿಯಾಗಿರಬಹುದು. ಒಕ್ಕೂಟಕ್ಕೆ ಬೇರೆ ಆದಾಯವಿಲ್ಲ, ಇರುವುದು ತಮ್ಮ ಹಾಲೇ. ಸಾಗಾಣಿಕೆಗೆ ಹೋದ ಪ್ರತಿ ಪೈಸೆ ತಮಗೆ ಸಿಗಬೇಕಾದ ಹಾಲಿನ ದರದಿಂದಲೇ ಹೋಗುತ್ತದೆ.

ರಸ್ತೆಗೆ ಹಣ ಎಲ್ಲಿಂದ ಬರುತ್ತದೆ?

ಈಗ ಕಾಯ್ದೆಯ ವಿಷಯಕ್ಕೆ ಬರೋಣ. ವಾಹನ ಓಡಿಸುವವರಿಂದ ಹಣ ಪಡೆದು ರಸ್ತೆ ಮಾಡಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ, 1927ರಲ್ಲಿ, ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ರಸ್ತೆ ಅಭಿವೃದ್ಧಿ ಸಮಿತಿ ನೇಮಕವಾಯಿತು. ಆಗ ರಸ್ತೆಗಳು ಪ್ರಾಂತ್ಯಗಳ ಹಾಗೂ ಸ್ಥಳೀಯ ಮಂಡಳಿಗಳ ಹೊಣೆಯಾಗಿದ್ದವು. ಮೋಟಾರು ವಾಹನಗಳು ಹೆಚ್ಚುತ್ತಿದ್ದ ಕಾಲದಲ್ಲಿ ಇದು ಪ್ರಾಂತ್ಯಗಳ ಕೈಮೀರಿದ ಕೆಲಸ, ಕೇಂದ್ರವೂ ಹೊರೆ ಹೊರಬೇಕು ಎಂದು ಸಮಿತಿ ಅಭಿಪ್ರಾಯಪಟ್ಟಿತು. ಅದರ ಶಿಫಾರಸಿನಂತೆ 1929ರಲ್ಲಿ ಗ್ಯಾಲನ್ ಪೆಟ್ರೋಲಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ, ಆ ಹಣವನ್ನು ಕೇಂದ್ರ ರಸ್ತೆ ನಿಧಿ ಎಂಬ ಪ್ರತ್ಯೇಕ ನಿಧಿಯಲ್ಲಿ ಇಡಲಾಯಿತು.

ಎಷ್ಟೋ ವರ್ಷ ಈ ನಿಧಿ ಶಾಸನಸಭೆಯ ನಿರ್ಣಯದ ಬಲದ ಮೇಲೆ ನಡೆಯಿತು. ನಿರ್ಣಯಕ್ಕೂ ಕಾಯ್ದೆಗೂ ವ್ಯತ್ಯಾಸವಿದೆ. ನಮ್ಮ ಸಂಘದ ಮಹಾಸಭೆಯಲ್ಲಿ ಮಾಡುವ ನಿರ್ಣಯಕ್ಕೂ ಸಂಘದ ಬೈಲಾಕ್ಕೂ ಇರುವಂಥ ವ್ಯತ್ಯಾಸ ಅದು. 2000ದ ಡಿಸೆಂಬರಿನಲ್ಲಿ ಸಂಸತ್ತು "ಕೇಂದ್ರ ರಸ್ತೆ ನಿಧಿ ಕಾಯ್ದೆ, 2000" ಎಂಬ ಕಾಯ್ದೆಯನ್ನು ಮಾಡಿದಾಗ ನಿಧಿಗೆ ಬೈಲಾದಂಥ ಬಲ ಬಂತು. ಆ ಕಾಯ್ದೆಯಂತೆ ಪೆಟ್ರೋಲ್ ಮತ್ತು ಡೀಸೆಲ್ ಮೇಲೆ ಸೆಸ್, ಅಂದರೆ ಉಪಕರ, ವಸೂಲಾಗುತ್ತದೆ. ಆಗ ಅದು ಲೀಟರಿಗೆ ಒಂದು ರೂಪಾಯಿ ಇತ್ತು. ಈ ಹಣ ಮೊದಲು ಕೇಂದ್ರ ಸರ್ಕಾರದ ಸಂಚಿತ ನಿಧಿಗೆ ಹೋಗಿ, ಸಂಸತ್ತಿನ ಮಂಜೂರಾತಿ ಪಡೆದು, ಅನಂತರ ರಸ್ತೆ ನಿಧಿಗೆ ಬರುತ್ತದೆ. ಈ ನಿಧಿಯಲ್ಲಿ ಉಳಿದ ಹಣ ಮಾರ್ಚಿ ಕೊನೆಗೆ ರದ್ದಾಗುವುದಿಲ್ಲ.

ಹಣ ಹಂಚುವ ಕ್ರಮವನ್ನೂ ಕಾಯ್ದೆಯಲ್ಲೇ ಬರೆದಿದ್ದರು. ಡೀಸೆಲ್ ಮೇಲಿನ ಸೆಸ್ಸಿನ ಅರ್ಧ ಭಾಗ ಗ್ರಾಮೀಣ ರಸ್ತೆಗಳಿಗೆ. ಉಳಿದ ಅರ್ಧ ಭಾಗ ಹಾಗೂ ಪೆಟ್ರೋಲ್ ಸೆಸ್ಸಿನ ಪೂರ್ತಿ ಹಣದಲ್ಲಿ ಶೇಕಡಾ 57.5 ರಾಷ್ಟ್ರೀಯ ಹೆದ್ದಾರಿಗಳಿಗೆ, ಶೇಕಡಾ 30 ರಾಜ್ಯದ ರಸ್ತೆಗಳಿಗೆ, ಶೇಕಡಾ 12.5 ರೈಲ್ವೆ ಗೇಟುಗಳಲ್ಲಿ ಮೇಲ್ಸೇತುವೆ, ಕೆಳಸೇತುವೆ ಮತ್ತು ಸುರಕ್ಷತೆಯ ಕೆಲಸಗಳಿಗೆ. ಪೈಸೆ ಲೆಕ್ಕದಲ್ಲಿ ಹೇಳುವುದಾದರೆ, ಅಂದು ಒಂದು ಲೀಟರ್ ಡೀಸೆಲ್ ಹಾಕಿಸಿದವರು ಕೊಟ್ಟ ಒಂದು ರೂಪಾಯಿಯಲ್ಲಿ 50 ಪೈಸೆ ಹಳ್ಳಿಯ ರಸ್ತೆಗೆ, 28.75 ಪೈಸೆ ಹೆದ್ದಾರಿಗೆ, 15 ಪೈಸೆ ರಾಜ್ಯದ ರಸ್ತೆಗೆ, 6.25 ಪೈಸೆ ರೈಲ್ವೆ ಗೇಟಿಗೆ.

ಡೀಸೆಲ್ ಯಾರು ಕೊಳ್ಳುತ್ತಾರೆ? ನಮ್ಮ ಹಾಲಿನ ಲಾರಿ, ಟ್ಯಾಂಕರ್, ಪಶು ಆಹಾರ ತರುವ ಲಾರಿ, ತಮ್ಮ ಹೊಲ ಉಳುವ ಟ್ರ್ಯಾಕ್ಟರ್, ತಾವು ಓಡಾಡುವ ಬಸ್ಸು. ಆದ್ದರಿಂದ ರಸ್ತೆ ಯಾರದೋ ದಾನವಲ್ಲ. ಹಾಲು ಹಾಕುವ ಪ್ರತಿಯೊಬ್ಬರೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ನಿಧಿಗೆ ಹಣ ಹಾಕಿದ್ದಾರೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಹಾಲಿಗಷ್ಟೇ ಅಲ್ಲ, ಈ ನಿಧಿಗೂ ಸಲ್ಲುತ್ತದೆ.

ಆ ಅರ್ಧ ಪಾಲು ಹಳ್ಳಿಗೆ ಬಂದ ಬಗೆ

ಕಾಯ್ದೆಯಾದ ಅದೇ ತಿಂಗಳು, 2000ದ ಡಿಸೆಂಬರ್ 25ರಂದು, ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು. ಡೀಸೆಲ್ ಸೆಸ್ಸಿನ ಗ್ರಾಮೀಣ ಪಾಲು ಈ ಯೋಜನೆಗೆ ಆಧಾರವಾಯಿತು. 2001ರ ಜನಗಣತಿಯಂತೆ 500 ಮತ್ತು ಹೆಚ್ಚು ಜನಸಂಖ್ಯೆಯಿದ್ದು ರಸ್ತೆ ಇಲ್ಲದ ಜನವಸತಿಗಳಿಗೆ, ಗುಡ್ಡಗಾಡು, ಮರುಭೂಮಿ, ಬುಡಕಟ್ಟು ಪ್ರದೇಶಗಳಲ್ಲಿ 250 ಮತ್ತು ಹೆಚ್ಚು ಇದ್ದರೆ, ಸರ್ವಋತು ರಸ್ತೆ ಮಾಡಿಕೊಡುವುದು ಇದರ ಮೊದಲ ಗುರಿ. ಸರ್ವಋತು ರಸ್ತೆ ಎಂದರೆ ಮಳೆಗಾಲದಲ್ಲೂ ಓಡಾಡಲು ಬರುವ ರಸ್ತೆ. ಡಾಂಬರು ಮಾತ್ರವಲ್ಲ, ಅದಕ್ಕೆ ಬೇಕಾದ ಮೋರಿ, ಕಿರುಸೇತುವೆ, ಚರಂಡಿ ಎಲ್ಲವೂ ಸೇರಿ ರಸ್ತೆಯಾಗುತ್ತದೆ.

ಈ ಯೋಜನೆಯ ಕೆಲವು ನಿಯಮಗಳನ್ನು ತಾವು ತಿಳಿದಿರಬೇಕು.

ಮೊದಲನೆಯದು, ಇಲ್ಲಿ ಲೆಕ್ಕಕ್ಕೆ ಬರುವುದು ಕಂದಾಯ ಗ್ರಾಮವಲ್ಲ, ಜನವಸತಿ. ಒಂದು ಗ್ರಾಮಕ್ಕೆ ಸೇರಿದ ಹಟ್ಟಿ, ತಾಂಡ, ಕಾಲೋನಿ ತಮ್ಮದೇ ಲೆಕ್ಕದಲ್ಲಿ ಬರಬಹುದು. ಐದುನೂರು ಮೀಟರಿನೊಳಗೆ ಇರುವ ವಸತಿಗಳ ಜನಸಂಖ್ಯೆಯನ್ನು ಒಟ್ಟು ಸೇರಿಸಿ ಎಣಿಸಲು ಅವಕಾಶವಿತ್ತು.

ಎರಡನೆಯದು, ಯೋಜನೆಯ ಹಣದಲ್ಲಿ ಭೂಮಿಗೆ ಬೆಲೆ ಕೊಡುವುದಿಲ್ಲ. ರಸ್ತೆಗೆ ಬೇಕಾದ ಜಾಗವನ್ನು ಒದಗಿಸುವುದು ರಾಜ್ಯದ ಹೊಣೆ. ಅಂದಾಜು ಪಟ್ಟಿ ಮಾಡುವ ಮುನ್ನ ಇಂಜಿನಿಯರು ಪಂಚಾಯ್ತಿಯವರನ್ನೂ ಊರಿನವರನ್ನೂ ಕೂಡಿಕೊಂಡು ರಸ್ತೆ ಹೋಗುವ ಉದ್ದಕ್ಕೂ ನಡೆದು ನೋಡಬೇಕೆಂಬ ನಿಯಮವಿದೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಮೋರಿ ಬೇಕು, ಯಾರ ಬದು ಎಷ್ಟು ಹೋಗುತ್ತದೆ ಎಂಬುದನ್ನು ಹೇಳಬೇಕಾದ ಹೊತ್ತು ಅದು. ಆ ದಿನ ಮನೆಯಲ್ಲಿದ್ದು, ಜಲ್ಲಿ ಬಿದ್ದ ಮೇಲೆ ತಕರಾರು ಎತ್ತಿದರೆ ರಸ್ತೆಯೂ ನಿಲ್ಲುತ್ತದೆ, ನೆರೆಹೊರೆಯೂ ಕೆಡುತ್ತದೆ.

ಮೂರನೆಯದೇ ನಮಗೆ ಬಹಳ ಮುಖ್ಯ. ರಸ್ತೆ ಮಾಡಿದ ಗುತ್ತಿಗೆದಾರನೇ ಮುಂದಿನ ಐದು ವರ್ಷ ಅದರ ನಿರ್ವಹಣೆ ಮಾಡಬೇಕು. ಗುಂಡಿ ಮುಚ್ಚುವುದು, ರಸ್ತೆಯ ಅಂಚಿಗೆ ಮಣ್ಣು ತುಂಬುವುದು, ಚರಂಡಿ ಮತ್ತು ಮೋರಿಯ ಹೂಳು ತೆಗೆಯುವುದು, ಗಿಡಗಂಟಿ ಕಡಿಯುವುದು, ಎಲ್ಲವೂ ಒಪ್ಪಂದದಲ್ಲೇ ಸೇರಿದೆ. ರಸ್ತೆಯ ಆರಂಭದಲ್ಲಿ ಹಾಕಿರುವ ಫಲಕದಲ್ಲಿ ರಸ್ತೆಯ ಹೆಸರು, ಉದ್ದ, ಖರ್ಚು, ಗುತ್ತಿಗೆದಾರರ ವಿವರ, ಕೆಲಸ ಆರಂಭವಾದ ಮತ್ತು ಮುಗಿದ ದಿನಾಂಕ ಇರಬೇಕು. ನಾವು ಆ ಫಲಕದ ನೆರಳಿನಲ್ಲಿ ಬಸ್ಸಿಗೆ ಕಾಯುತ್ತೇವೆ, ಅದಕ್ಕೆ ಎಮ್ಮೆ ಕಟ್ಟುತ್ತೇವೆ, ಆದರೆ ಒಮ್ಮೆಯೂ ಓದುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ನೋಡಿಕೊಳ್ಳುವುದು ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ. ಇದೇ ಮಾದರಿಯಲ್ಲಿ ರಾಜ್ಯ ಸರ್ಕಾರವು 2009-10ರಲ್ಲಿ "ನಮ್ಮ ಗ್ರಾಮ ನಮ್ಮ ರಸ್ತೆ" ಯೋಜನೆಯನ್ನೂ ತಂದಿತು. ಕೇಂದ್ರದ ಯೋಜನೆಯ ಎರಡನೆಯ ಹಂತ 2013ರಲ್ಲಿ ಬಂತು, ಇದ್ದ ರಸ್ತೆಗಳನ್ನು ಮೇಲ್ದರ್ಜೆಗೆ ಏರಿಸುವುದು ಅದರ ಉದ್ದೇಶ. 2019ರಲ್ಲಿ ಒಪ್ಪಿಗೆ ಪಡೆದ ಮೂರನೆಯ ಹಂತದಲ್ಲಿ ಹಳ್ಳಿಗಳನ್ನು ಕೃಷಿ ಮಾರುಕಟ್ಟೆ, ಪ್ರೌಢಶಿಕ್ಷಣದ ಶಾಲೆ ಮತ್ತು ಆಸ್ಪತ್ರೆಗಳಿಗೆ ಜೋಡಿಸುವ 1,25,000 ಕಿಲೋಮೀಟರ್ ರಸ್ತೆಯನ್ನು ಬಲಪಡಿಸುವ ಗುರಿ ಇಡಲಾಯಿತು. ನಾಲ್ಕನೆಯ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿತು. 2011ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು, ಇನ್ನೂ ರಸ್ತೆ ಕಾಣದ 25,000 ಜನವಸತಿಗಳಿಗೆ 62,500 ಕಿಲೋಮೀಟರ್ ರಸ್ತೆ ಮಾಡುವುದು ಇದರ ಗುರಿ. ಬಯಲು ಸೀಮೆಯಲ್ಲಿ 500 ಜನ ಎಂಬ ಮಿತಿ ಇಲ್ಲೂ ಇದೆ. 2001ರಲ್ಲಿ 500 ಮುಟ್ಟದ ಹಟ್ಟಿ 2011ರಲ್ಲಿ ಮುಟ್ಟಿರಬಹುದು. ಅಂಥ ವಸತಿಯಲ್ಲಿ ಸದಸ್ಯರಿರುವ ಸಂಘಗಳು ತಮ್ಮ ಪಂಚಾಯ್ತಿಯಲ್ಲಿ ಈ ಮಾತನ್ನು ಕೇಳಬೇಕು.

ಕಾಯ್ದೆ ಬದಲಾಯಿತು, ನಾವು ಗಮನಿಸಿದೆವೆ?

ಈಗ ಸ್ವಲ್ಪ ಎಚ್ಚರದಿಂದ ಕೇಳಬೇಕಾದ ವಿಷಯ. ಒಂದು ರೂಪಾಯಿ ಇದ್ದ ಸೆಸ್ 2005ರ ಹೊತ್ತಿಗೆ ಎರಡು ರೂಪಾಯಿಯಾಯಿತು, 2015ರಲ್ಲಿ ಆರು ರೂಪಾಯಿಯಾಯಿತು. ಅದೇ 2015-16ರಿಂದ ಗ್ರಾಮ ಸಡಕ್ ಯೋಜನೆಯ ಖರ್ಚಿನ ಹಂಚಿಕೆಯೂ ಬದಲಾಯಿತು. ಮೊದಲು ರಸ್ತೆ ಮಾಡುವ ಹಣವನ್ನೆಲ್ಲ ಕೇಂದ್ರವೇ ಕೊಡುತ್ತಿತ್ತು. ಅಂದಿನಿಂದ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ್ದು ಶೇಕಡಾ 60, ರಾಜ್ಯದ್ದು ಶೇಕಡಾ 40.

2018ರ ಬಜೆಟ್ಟಿನಲ್ಲಿ ಇನ್ನೂ ದೊಡ್ಡ ಬದಲಾವಣೆಯಾಯಿತು. ಆರು ರೂಪಾಯಿಯ ರಸ್ತೆ ಸೆಸ್ ತೆಗೆದು, ಮೂಲ ಅಬಕಾರಿ ಸುಂಕವನ್ನು ಎರಡು ರೂಪಾಯಿ ಇಳಿಸಿ, ಲೀಟರಿಗೆ ಎಂಟು ರೂಪಾಯಿಯ "ರಸ್ತೆ ಮತ್ತು ಮೂಲಸೌಕರ್ಯ ಸೆಸ್" ಹಾಕಿದರು. ಬಂಕಿನಲ್ಲಿ ಡೀಸೆಲ್ ದರ ಇದರಿಂದ ಬದಲಾಗಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆದರೆ ಕಾಯ್ದೆಯ ಹೆಸರೇ "ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಕಾಯ್ದೆ" ಎಂದಾಯಿತು. ಈ ನಿಧಿಯಿಂದ ರಸ್ತೆಗೆ ಮಾತ್ರವಲ್ಲದೆ ಬಂದರು, ವಿದ್ಯುತ್, ನೀರು ಮತ್ತು ನೈರ್ಮಲ್ಯ, ಶಾಲೆ, ಆಸ್ಪತ್ರೆ ಮುಂತಾದವಕ್ಕೂ ಹಣ ಕೊಡಲು ಅವಕಾಶವಾಯಿತು. ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ಕಾಯ್ದೆಯಲ್ಲೇ ಬರೆಯುವ ಬದಲು, ಹಣಕಾಸು ಸಚಿವರ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುವಂತಾಯಿತು. ಸೆಸ್ಸಿನ ದರವನ್ನೂ ಆಮೇಲೆ ಹಲವು ಬಾರಿ ಏರಿಸಿದ್ದಾರೆ, ಇಳಿಸಿದ್ದಾರೆ.

ಇದರಲ್ಲಿ ಸರಿಯೂ ಇದೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಬೇಡವೆಂದು ನಾವು ಯಾರೂ ಹೇಳುವುದಿಲ್ಲ. ಒಂದು ವರ್ಷ ಒಂದಕ್ಕೆ ಹೆಚ್ಚು ಬೇಕಾದರೆ ಕೊಡಲು ಸಮಿತಿಗೆ ಅನುಕೂಲವಾಗುತ್ತದೆ. ಆದರೆ ಹಿಡುವಳಿದಾರನಿಗೂ ಗೇಣಿದಾರನಿಗೂ ಇರುವ ವ್ಯತ್ಯಾಸ ತಮಗೆ ಗೊತ್ತು. ಪಹಣಿಯಲ್ಲಿ ಹೆಸರಿದ್ದರೆ ಅದೊಂದು ಬಲ. 2000ದ ಕಾಯ್ದೆಯಲ್ಲಿ ಹಳ್ಳಿಯ ರಸ್ತೆಯ ಪಾಲು ಪಹಣಿಯಲ್ಲಿ ಬರೆದಂತೆ ಬರೆದಿತ್ತು. ಈಗ ಅದನ್ನು ವರ್ಷ ವರ್ಷವೂ ಕೇಳಿ ಪಡೆಯಬೇಕಾದ ಸ್ಥಿತಿ ಇದೆ. ಕೇಳುವವರ ಧ್ವನಿ ಗಟ್ಟಿಯಾಗಿದ್ದರೆ ಮಾತ್ರ ಪಾಲು ಉಳಿಯುತ್ತದೆ. ಇನ್ನೊಂದು ವಿಷಯ: ಸೆಸ್ಸಿನ ಹಣ ಬೇರೆ ತೆರಿಗೆಗಳಂತೆ ಕೇಂದ್ರ ಮತ್ತು ರಾಜ್ಯಗಳ ನಡುವಿನ ಸಾಮಾನ್ಯ ಹಂಚಿಕೆಗೆ ಬರುವುದಿಲ್ಲ. ಯೋಜನೆಗಳ ಮೂಲಕ ಎಷ್ಟು ಬಂತೋ ಅಷ್ಟೇ. ಆದ್ದರಿಂದ ನಮ್ಮ ಸಂಸದರ ಮುಂದೆ ಮನವಿ ಕೊಡುವಾಗ "ನಮ್ಮೂರಿಗೆ ರಸ್ತೆ ಕೊಡಿ" ಎಂದಷ್ಟೇ ಕೇಳದೆ, "ಡೀಸೆಲ್ ಸೆಸ್ಸಿನಲ್ಲಿ ಗ್ರಾಮೀಣ ರಸ್ತೆಯ ಪಾಲು ಕಡಿಮೆಯಾಗದಂತೆ ನೋಡಿ" ಎಂದೂ ಕೇಳಬೇಕು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಐದು ವರ್ಷವಾದ ಮೇಲೆ ಯಾರು?

ರಸ್ತೆ ಮಾಡಲು ಹಣ ಹುಡುಕುವುದು ಕಷ್ಟ. ಆದರೆ ಮಾಡಿದ ರಸ್ತೆಯನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಉದ್ಘಾಟನೆಗೆ ಟೇಪು ಕತ್ತರಿಸಲು ಎಲ್ಲರೂ ಬರುತ್ತಾರೆ, ಮೋರಿಯ ಹೂಳು ತೆಗೆಯಲು ಯಾರೂ ಬರುವುದಿಲ್ಲ. ಗುತ್ತಿಗೆದಾರನ ಐದು ವರ್ಷ ಮುಗಿದ ಮೇಲೆ ನಿರ್ವಹಣೆಯ ಹೊಣೆ ರಾಜ್ಯದ್ದು. ಅದಕ್ಕೆ ರಾಜ್ಯದ ಆಯವ್ಯಯದಲ್ಲಿ ಹಣ ಇಡಬೇಕು. ಬಹುಪಾಲು ರಸ್ತೆಗಳಿಗೆ ಕಾಯಿಲೆ ಹತ್ತುವುದು ಈ ಐದನೆಯ ವರ್ಷದ ಆಚೆ ಈಚೆ.

ನಾನು ಡಾಕ್ಟರಾದ್ದರಿಂದ ರಸ್ತೆಯ ಕಾಯಿಲೆಯನ್ನೂ ನನ್ನ ಭಾಷೆಯಲ್ಲೇ ಹೇಳುತ್ತೇನೆ. ಕೆಚ್ಚಲು ಬಾವು ಮೊದಲ ದಿನ ಹಾಲಿನಲ್ಲಿ ಒಂದೆರಡು ಚಿಕ್ಕ ಗೆಂಟೆಯಾಗಿ ಕಾಣುತ್ತದೆ. ಆಗಲೇ ಚಿಕಿತ್ಸೆ ಮಾಡಿದರೆ ಕಡಿಮೆ ಖರ್ಚು. ಬಿಟ್ಟರೆ ಆ ಮೊಲೆ ಜೀವಮಾನಕ್ಕೆ ಕುರುಡಾಗುತ್ತದೆ. ರಸ್ತೆಯೂ ಹಾಗೆಯೇ. ನಡುವೆ ಎತ್ತಿನ ಬೆನ್ನಿನಂತೆ ಉಬ್ಬಿದ್ದು ಎರಡೂ ಕಡೆ ನೀರು ಹರಿದುಹೋಗುವ ತನಕ ಅದು ಗಟ್ಟಿ. ಚರಂಡಿ ಮುಚ್ಚಿ ನೀರು ನಿಂತ ದಿನ ಕಾಯಿಲೆ ಶುರು. ಸಣ್ಣ ಬಿರುಕಿನಲ್ಲಿ ನೀರು ಇಳಿದು, ಕೆಳಗಿನ ಜಲ್ಲಿ ಮಣ್ಣು ಮೆತ್ತಗಾಗಿ, ಮೇಲೆ ಹಾಲಿನ ಲಾರಿ ಹೋದಾಗ ಕುಸಿದು ಗುಂಡಿಯಾಗುತ್ತದೆ. ಒಂದು ಬುಟ್ಟಿ ಜಲ್ಲಿಯಲ್ಲಿ ಮುಗಿಯುತ್ತಿದ್ದ ಕೆಲಸ ಎರಡು ಮಳೆಗಾಲ ಬಿಟ್ಟರೆ ಹೊಸ ರಸ್ತೆಯ ಖರ್ಚಿಗೆ ನಿಲ್ಲುತ್ತದೆ.

ನಮ್ಮ ವ್ಯಾಪ್ತಿಯಲ್ಲೇ ಒಂದು ಹಳ್ಳಿಯ ರಸ್ತೆ, ಹೆಸರು ಬೇಡ, ಒಂದೇ ಒಂದು ಮೋರಿ ಕಟ್ಟಿಕೊಂಡಿದ್ದರಿಂದ ಕಿತ್ತುಹೋಯಿತು. ಮೋರಿಯಲ್ಲಿ ಸಿಕ್ಕಿದ್ದದ್ದು ಮರದ ಬುಡವೊಂದು ಮತ್ತು ಪ್ಲಾಸ್ಟಿಕ್ ಚೀಲಗಳು. ನಾಲ್ಕು ಆಳು ಅರ್ಧ ದಿನದಲ್ಲಿ ತೆಗೆಯಬಹುದಾಗಿತ್ತು. ಊರಿನವರು ಗುತ್ತಿಗೆದಾರ ತೆಗೆಯಲಿ ಎಂದರು, ಗುತ್ತಿಗೆದಾರ ಬರಲಿಲ್ಲ, ಯಾರೂ ಬರೆದು ಕೇಳಲೂ ಇಲ್ಲ. ಆ ಮಳೆಗಾಲದಲ್ಲಿ ಹಾಲಿನ ಗಾಡಿ ಸುತ್ತು ದಾರಿ ಹಿಡಿಯಬೇಕಾಯಿತು, ಸಂಜೆ ಹಾಲು ಎಷ್ಟೋ ದಿನ ಹುಳಿಯಾಗಿ ಬಂತು. ನಷ್ಟವಾದದ್ದು ಗುತ್ತಿಗೆದಾರನಿಗಲ್ಲ, ಹಾಲು ಹಾಕುವ ಮನೆಗಳಿಗೆ.

ಸಂಘ ಏನು ಮಾಡಬಹುದು?

ರಸ್ತೆ ಮಾಡುವುದು ಹಾಲು ಸಂಘದ ಕೆಲಸವಲ್ಲ. ಆದರೆ ಊರಿನಲ್ಲಿ ದಿನಕ್ಕೆರಡು ಬಾರಿ ತಪ್ಪದೆ ಜನ ಸೇರುವ ಜಾಗ ಹಾಲಿನ ಡೈರಿ ಒಂದೇ. ಹಾಲಿನ ಗಾಡಿ ಯಾವ ದಿನ ಎಷ್ಟು ಹೊತ್ತಿಗೆ ಬಂತು, ಎಷ್ಟು ತಡವಾಯಿತು, ಯಾವ ದಿನ ಹಾಲು ಕೆಟ್ಟಿತು ಎಂಬ ಲೆಕ್ಕ ನಮ್ಮ ಪುಸ್ತಕದಲ್ಲೇ ಇದೆ. ಅರ್ಜಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇರೆ ಬೇಡ. "ರಸ್ತೆ ಬಹಳ ಹಾಳಾಗಿದೆ" ಎಂದು ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. "ಇಂಥ ತಿಂಗಳಲ್ಲಿ ಇಷ್ಟು ದಿನ ಗಾಡಿ ತಡವಾಗಿ, ಇಷ್ಟು ಲೀಟರ್ ಹಾಲು ಕೆಟ್ಟಿತು" ಎಂದು ತಾರೀಖು ಸಮೇತ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಆದ್ದರಿಂದ ಪ್ರತಿ ಸಂಘವೂ ಈ ಕೆಳಗಿನ ಕೆಲಸಗಳನ್ನು ಮಾಡಬೇಕೆಂದು ವಿನಂತಿಸುತ್ತೇನೆ.

1. ಹಾಲಿನ ಗಾಡಿ ಬರುವ ರಸ್ತೆಯ ಫಲಕ ಓದಿ, ಕೆಲಸ ಮುಗಿದ ದಿನಾಂಕ ಬರೆದಿಟ್ಟುಕೊಳ್ಳಿ. ಐದು ವರ್ಷ ಎಂದಿಗೆ ಮುಗಿಯುತ್ತದೆ ಎಂಬುದನ್ನು ಸಂಘದ ಗೋಡೆಯ ಮೇಲೆ ಬರೆಸಿ. ಫಲಕ ಇಲ್ಲದಿದ್ದರೆ ಅಥವಾ ಅಳಿಸಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟು ವಿವರ ಪಡೆಯಿರಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು.

2. ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ನಾಲ್ಕು ಜನ ಸದಸ್ಯರು ರಸ್ತೆಯ ಉದ್ದಕ್ಕೂ ನಡೆದು ನೋಡಿ. ಗುಂಡಿ, ಕಟ್ಟಿದ ಮೋರಿ, ಕೊರೆದ ಅಂಚು ಎಲ್ಲಿವೆ ಎಂದು ಪಟ್ಟಿ ಮಾಡಿ.

3. ಐದು ವರ್ಷದ ಒಳಗಿನ ರಸ್ತೆಯಾದರೆ ಪಟ್ಟಿಯನ್ನು ಯೋಜನೆಯ ಜಿಲ್ಲಾ ಇಂಜಿನಿಯರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ 2015ರಲ್ಲಿ ಆರಂಭವಾದ "ಮೇರಿ ಸಡಕ್" ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ಫೋಟೋ ಸಮೇತ ದೂರು ಕೊಡಬಹುದು. ಓದುವ ಮಕ್ಕಳಿಗೆ ಇದು ಐದು ನಿಮಿಷದ ಕೆಲಸ.

4. ಐದು ವರ್ಷ ಮುಗಿದ ರಸ್ತೆಯಾದರೆ ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ, ನಿರ್ಣಯ ಬರೆಸಿ, ಅದರ ನಕಲನ್ನು ಶಾಸಕರಿಗೂ ಸಂಸದರಿಗೂ ಕಳುಹಿಸಿ. ಗ್ರಾಮಸಭೆಗೆ ಹತ್ತು ಜನ ಹೋದರೆ ಹತ್ತು ಜನರ ಮಾತು, ಸಂಘದ ಸದಸ್ಯರೆಲ್ಲ ಹೋದರೆ ಊರಿನ ಮಾತು.

ನಮ್ಮ ಕೈಯಲ್ಲೇ ಇರುವುದು

ಇನ್ನು ಕಹಿಯಾದರೂ ಹೇಳಬೇಕಾದ ಮಾತು. ಹನಿ ನೀರಾವರಿ ಪೈಪು ದಾಟಿಸಲು ರಾತ್ರೋರಾತ್ರಿ ರಸ್ತೆ ಅಗೆಯುವವರು ನಾವೇ. ಅಗೆದ ಕಡೆಯೇ ಮೊದಲ ಗುಂಡಿ ಬೀಳುತ್ತದೆ. ಅನುಮತಿ ಪಡೆದು, ಮೋರಿಯ ಮೂಲಕ ಪೈಪು ಎಳೆಯಿರಿ. ಗದ್ದೆ ಉಳುವ ಕಬ್ಬಿಣದ ಚಕ್ರದ ಟ್ರ್ಯಾಕ್ಟರನ್ನು ಡಾಂಬರಿನ ಮೇಲೆ ಓಡಿಸಿದರೆ ರಸ್ತೆಯ ಚರ್ಮ ಸುಲಿದಂತೆ. ಚರಂಡಿಗೆ ತಿಪ್ಪೆ ಹಾಕುವುದು, ಕೊಟ್ಟಿಗೆಯ ಗಂಜಲದ ನೀರು ರಸ್ತೆಗೆ ಬಿಡುವುದು, ರಸ್ತೆಯ ಅಂಚನ್ನು ಹೊಲಕ್ಕೆ ಸೇರಿಸಿಕೊಂಡು ಉಳುವುದು, ಇವೆಲ್ಲ ನಮ್ಮ ಹಣಕ್ಕೆ ನಾವೇ ಕಿಚ್ಚು ಇಟ್ಟಂತೆ. ಗಂಜಲದ ನೀರನ್ನು ಮೇವಿನ ಜಾಗಕ್ಕೆ ಹರಿಸಿದರೆ ಹಸಿರು ಹುಲ್ಲಾದರೂ ಬೆಳೆಯುತ್ತದೆ.

ರಾಗಿ, ಹುರುಳಿ, ತೊಗರಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ. ಕಣ ಮಾಡುವ ಕಷ್ಟ ನನಗೂ ಗೊತ್ತು. ಆದರೆ ಹುಲ್ಲು ಚಕ್ರಕ್ಕೆ ಸುತ್ತಿಕೊಂಡು ಬೈಕಿನವರು ಬಿದ್ದದ್ದನ್ನು, ಬಿಸಿಯಾದ ಭಾಗಕ್ಕೆ ಒಣಹುಲ್ಲು ತಗುಲಿ ವಾಹನಕ್ಕೆ ಬೆಂಕಿ ಹತ್ತಿದ್ದನ್ನು ತಾವೂ ಕೇಳಿದ್ದೀರಿ. ಅಂಥ ರಸ್ತೆಯಲ್ಲಿ ಹಾಲಿನ ಗಾಡಿ ಇರುವೆಯಂತೆ ತೆವಳಬೇಕಾಗುತ್ತದೆ. ಊರಿಗೊಂದು ಸಾಮೂಹಿಕ ಕಣ ಮಾಡಿಸುವಂತೆ ಪಂಚಾಯ್ತಿಯನ್ನು ಕೇಳೋಣ, ಕಾಳೂ ಕಲ್ಲುಮಣ್ಣಿಲ್ಲದೆ ಶುಚಿಯಾಗಿ ಸಿಗುತ್ತದೆ.

ಬಂಧುಗಳೇ, ಹಾಲು ಹಾಕಿದ ಮೇಲೆ ತಾವು ಜಿಡ್ಡಿನ ಅಂಶ ಎಷ್ಟು ಬಂತು, ಚೀಟಿಯಲ್ಲಿ ಎಷ್ಟು ಬರೆದರು ಎಂದು ತಪ್ಪದೆ ನೋಡುತ್ತೀರಿ. ಅರ್ಧ ಪಾಯಿಂಟ್ ಕಡಿಮೆ ಬಂದರೂ ಕಾರ್ಯದರ್ಶಿಯನ್ನು ಬಿಡುವುದಿಲ್ಲ. ಅದು ತಮ್ಮ ಹಾಲು, ಆದ್ದರಿಂದ ತಮ್ಮ ಹಕ್ಕು. ಡೀಸೆಲ್ಲಿನ ಜೊತೆ ಕೊಟ್ಟ ಸೆಸ್ಸೂ ತಮ್ಮದೇ ಹಣ. ಅದು ಹೆದ್ದಾರಿಗೆ ಎಷ್ಟು ಹೋಯಿತು, ಹಳ್ಳಿಗೆ ಎಷ್ಟು ಬಂತು, ಬಂದದ್ದು ಗಟ್ಟಿಯಾಗಿ ನಿಂತಿತೇ ಎಂದು ಅದೇ ಗಟ್ಟಿತನದಿಂದ ಕೇಳಬೇಕು. ಮುಂದಿನ ತಿಂಗಳು ನಾನು ತಮ್ಮ ಸಂಘಗಳಿಗೆ ಲಸಿಕೆ ಶಿಬಿರಕ್ಕೆ ಬಂದಾಗ, ರಾಸುಗಳಿಗೆ ಕಿವಿಯೋಲೆ ಹಾಕಿಸಿದಿರಾ ಎಂದು ಕೇಳುವ ಮೊದಲು, ರಸ್ತೆಯ ಫಲಕ ಓದಿದಿರಾ, ಐದು ವರ್ಷ ಎಂದಿಗೆ ಮುಗಿಯುತ್ತದೆ ಎಂದು ಕೇಳುತ್ತೇನೆ. ಉತ್ತರ ಸಿದ್ಧವಾಗಿರಲಿ.

 ಸಂಜೆ ಹಾಲು ಕರೆಯುವ ಹೊತ್ತಾಗುತ್ತಿದೆ, ತಮ್ಮನ್ನು ಹೆಚ್ಚು ಹಿಡಿದಿಡುವುದಿಲ್ಲ.

ಜೈ ಸಹಕಾರ.